ಮನೆಯ ಹಿರಿಯ ಮಗುವಿಗೂ ಬಾಲ್ಯವಿದೆ

(ಖಾನಾಪುರ ತಾಲೂಕಿನ ಪಾರಿಶ್ವಾಡದಲ್ಲಿ ಜರಗಿದ ಕುಟುಂಬ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಗಡಿಭಾಗದ ಊರಿಗೆ ಒಬ್ಬ ಪತ್ರಕರ್ತ ಭಾಷಣಕ್ಕೆ ಬಂದರೆ ಆತ ಗಡಿ ವಿವಾದದ ಕುರಿತೋ, ಮೀಸಲಾತಿಯ ಕುರಿತೋ, ವಕ್ಫ್ ಆಸ್ತಿಯ ಕುರಿತೋ ಮಾತನಾಡುತ್ತಾನೆಂದು ನೀವು ನಿರೀಕ್ಷಿಸಿರಬಹುದು. ಆ ವಿಷಯಗಳು ಮುಖ್ಯವಾದವುಗಳೇ. ಆದರೆ ಇಂದು ನಾನು ಅವುಗಳಿಗಿಂತ ತೀರಾ ಸಣ್ಣದೆಂದು ತೋರುವ ಒಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಒಂದು ಮನೆ. ಅದರಲ್ಲಿ ಇಬ್ಬರು ಮಕ್ಕಳು. ಒಂದು ಈಗಷ್ಟೇ ಹೆಜ್ಜೆಯಿಡಲು ಕಲಿತ ಕೂಸು. ಇನ್ನೊಂದು ಅದಕ್ಕಿಂತ ಕೆಲವೇ ವರ್ಷ ದೊಡ್ಡದು. ಕೂಸಿನ ಪರವಾಗಿ ಮಾತನಾಡಲು ಮನೆತುಂಬ ಜನರಿದ್ದಾರೆ. ಆ ದೊಡ್ಡ ಮಗುವಿನ ಪರವಾಗಿ ಯಾರೂ ಇಲ್ಲ. ಇಂದು ಅದರ ಪರವಾಗಿ ವಕಾಲತ್ತು ವಹಿಸಲು ನಾನಿಲ್ಲಿ ನಿಂತಿದ್ದೇನೆ.

ಇತರರ ಮನೆಯ ತಪ್ಪುಗಳನ್ನು ಹೇಳುವುದು ಸುಲಭ. ಆದ್ದರಿಂದ ನನ್ನ ಮನೆಯಿಂದಲೇ ಪ್ರಾರಂಭಿಸುತ್ತೇನೆ. ನನಗೆ ಎರಡನೆಯ ಮಗು ಹುಟ್ಟಿದಾಗ ದೊಡ್ಡವಳಿಗೆ ನಾಲ್ಕು ವರ್ಷ ತುಂಬಿರಲಿಲ್ಲ. ಅಕೀಕಾದ ದಿನ ಬಂದ ನೆಂಟರೆಲ್ಲ ಕೂಸಿಗೆ ಅಂಗಿ ಟೋಪಿ ತಂದರು, ಬೆಳ್ಳಿಯ ಕಡಗ ತಂದರು. ಬಾಗಿಲಲ್ಲಿ ನಿಂತಿದ್ದ ದೊಡ್ಡವಳ ತಲೆ ಸವರಿ ಎಲ್ಲರೂ ಒಂದೇ ಮಾತು ಹೇಳಿದರು: ಇನ್ನು ನೀನು ಆಪಾ ಆದೆ, ದೊಡ್ಡವಳಾದೆ, ಹಟ ಮಾಡಬಾರದು. ಹಿಂದಿನ ದಿನದವರೆಗೆ ಅಮ್ಮಿಯ ಮಗ್ಗುಲಲ್ಲಿ ಮಲಗುತ್ತಿದ್ದ ಮಗು ಅಂದು ರಾತ್ರಿ ದಾದಿಯ ಹಾಸಿಗೆಗೆ ವರ್ಗವಾಯಿತು. ಅದನ್ನು ನಾವು ಪ್ರೀತಿಯಿಂದಲೇ ಮಾಡಿದೆವು. ಆದರೆ ಆ ಮಗುವಿನ ಕಡೆಯಿಂದ ನೋಡಿದರೆ ಒಂದೇ ದಿನದಲ್ಲಿ ಅದರ ಹಾಸಿಗೆ, ಅದರ ಮಡಿಲು, ಅದರ ಹೆಸರು ಎಲ್ಲವೂ ಹೋದವು. ಕೆಲವು ದಿನಗಳ ನಂತರ ಅವಳು ತೊಟ್ಟಿಲಲ್ಲಿ ಮುದುಡಿ ಮಲಗಿ, ತನಗೂ ಬಾಟಲಿಯಲ್ಲಿ ಹಾಲು ಬೇಕೆಂದಳು. ನಾನು ನಕ್ಕೆ, ಆಮೇಲೆ ಗದರಿದೆ. ಅವಳು ಕೇಳಿದ್ದು ಹಾಲನ್ನಲ್ಲ, ಕಳೆದುಹೋದ ಜಾಗವನ್ನು ಎಂಬುದು ನನಗೆ ಅರ್ಥವಾಗಲಿಲ್ಲ.

ಕೂಸಿಗೆ ಒಂದೂವರೆ ವರ್ಷವಾದಾಗ ಇನ್ನೊಂದು ಘಟನೆ ನಡೆಯಿತು. ದೊಡ್ಡವಳು ಎರಡು ದಿನ ಕೂತು ಬಣ್ಣ ಹಚ್ಚಿದ್ದ ಚಿತ್ರವನ್ನು ಅವನು ಹರಿದ. ಅವಳು ಅವನನ್ನು ತಳ್ಳಿದಳು. ಅವನು ಬಿದ್ದು ಕಿರುಚಿದ. ಕೋಣೆಯಲ್ಲಿ ಲೇಖನ ಬರೆಯುತ್ತಿದ್ದ ನಾನು ಎದ್ದು ಬಂದು ಅವಳ ಕೈಗೆ ಹೊಡೆದೆ. ಅವಳು ಅಳಲಿಲ್ಲ. “ಅಬ್ಬಾ, ಅವನು ಹರಿಯುವಾಗ ನೀವು ಯಾಕೆ ಬರಲಿಲ್ಲ?” ಎಂದು ಕೇಳಿದಳು.

ಪ್ರವಾದಿವರ್ಯರು(ಸ) ಹಝ್ರತ್ ಅಲೀ(ರ)ಯವರನ್ನು ಯಮನ್‌ಗೆ ನ್ಯಾಯಾಧೀಶರಾಗಿ ಕಳುಹಿಸುವಾಗ, ಇಬ್ಬರು ವ್ಯಾಜ್ಯಗಾರರು ಮುಂದೆ ಕುಳಿತರೆ ಎರಡನೆಯವನ ಮಾತನ್ನೂ ಕೇಳುವವರೆಗೆ ತೀರ್ಪು ಕೊಡಬಾರದೆಂದು ಉಪದೇಶಿಸಿದರು. ಈ ಹದೀಸನ್ನು ನಾನು ಮದ್ರಸದಲ್ಲಿ ಕಲಿತಿದ್ದೇನೆ. ಪೊಲೀಸರ ಏಕಪಕ್ಷೀಯ ತನಿಖೆಯ ವಿರುದ್ಧ, ಟಿವಿ ಚಾನೆಲ್‌ಗಳ ಏಕಪಕ್ಷೀಯ ತೀರ್ಪಿನ ವಿರುದ್ಧ ಬರೆಯುವಾಗ ಅದನ್ನು ನೆನಪಿಸಿದ್ದೇನೆ. ಆದರೆ ನನ್ನದೇ ಮನೆಯ ಪಡಸಾಲೆಯಲ್ಲಿ ನಾನು ಅತ್ತವನ ಪರ ತೀರ್ಪು ಕೊಟ್ಟೆ, ಅಳದವಳಿಗೆ ಶಿಕ್ಷೆ ಕೊಟ್ಟೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ನಿತ್ಯವೂ ಇದೇ ನಡೆಯುತ್ತಿದೆ!

ಇಲ್ಲಿ ಕೂಸಿನದ್ದೂ ತಪ್ಪಿಲ್ಲ. ಒಂದೂವರೆ ಎರಡು ವರ್ಷದ ಮಗುವಿಗೆ ನನ್ನದು, ಅವಳದು ಎಂಬ ಭೇದ ತಿಳಿಯದು. ಕೈಗೆ ಸಿಕ್ಕಿದ್ದನ್ನು ಎಳೆದು, ಹರಿದು, ಬಾಯಿಗಿಟ್ಟು ಅದು ಲೋಕವನ್ನು ಕಲಿಯುತ್ತದೆ. ಹೇಳಬೇಕಾದ್ದನ್ನು ಹೇಳಲು ಮಾತು ಸಾಲದಾಗ ಕಚ್ಚುತ್ತದೆ, ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಆದರೆ ನಾಲ್ಕೈದು ವರ್ಷದ ಮಗು ಅದೆಲ್ಲವನ್ನೂ ಸಹಿಸಿಕೊಳ್ಳುವಷ್ಟು ದೊಡ್ಡದೇ? ಕೂಸಿನ ಪಕ್ಕದಲ್ಲಿ ನಿಲ್ಲಿಸಿದಾಗ ಮಾತ್ರ ಅದು ದೊಡ್ಡದಾಗಿ ಕಾಣುತ್ತದೆ. ಒಂಟಿಯಾಗಿ ನಿಲ್ಲಿಸಿ ನೋಡಿದರೆ ಅದೂ ಕೂಸೇ.

ನುಅ್‌ಮಾನ್ ಬಿನ್ ಬಶೀರ್(ರ)ರ ಪ್ರಸಿದ್ಧ ವರದಿ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಅವರ ತಂದೆ ಅವರಿಗೊಂದು ಉಡುಗೊರೆ ಕೊಟ್ಟು, ಅದಕ್ಕೆ ಪ್ರವಾದಿವರ್ಯರನ್ನು(ಸ) ಸಾಕ್ಷಿಯಾಗಿಸಲು ಹೋದರು. ನಿಮ್ಮ ಮಕ್ಕಳೆಲ್ಲರಿಗೂ ಹೀಗೆಯೇ ಕೊಟ್ಟಿದ್ದೀರಾ ಎಂದು ಪ್ರವಾದಿವರ್ಯರು(ಸ) ಪ್ರಶ್ನಿಸಿದರು. ಇಲ್ಲವೆಂದಾಗ, ಅಲ್ಲಾಹನನ್ನು ಭಯಪಟ್ಟು ಮಕ್ಕಳ ನಡುವೆ ನ್ಯಾಯ ಪಾಲಿಸುವಂತೆ ಆದೇಶಿಸಿ, ಸಾಕ್ಷಿಯಾಗಲು ನಿರಾಕರಿಸಿದರು. ತಂದೆ ಆ ಉಡುಗೊರೆಯನ್ನು ಹಿಂದಕ್ಕೆ ಪಡೆದರು. ಈ ಹದೀಸನ್ನು ನಾವು ಸಾಮಾನ್ಯವಾಗಿ ಹೊಲ, ಮನೆ, ಚಿನ್ನದ ಪಾಲಿನ ಪ್ರಶ್ನೆ ಬಂದಾಗ ಮಾತ್ರ ಓದುತ್ತೇವೆ. ಆದರೆ ನಾಲ್ಕು ವರ್ಷದ ಮಗುವಿಗೆ ಹೊಲದ ಬೆಲೆ ಗೊತ್ತಿಲ್ಲ. ಅದರ ಆಸ್ತಿಯೆಂದರೆ ತಾಯಿಯ ಮಡಿಲು, ತಂದೆಯ ಹೆಗಲು, ಒಂದು ಮುತ್ತು. ಮಕ್ಕಳಿಗೆ ಮುತ್ತು ಕೊಡುವುದರಲ್ಲಿಯೂ ಪೂರ್ವಿಕರು ಸಮಾನತೆಯನ್ನು ಇಷ್ಟಪಡುತ್ತಿದ್ದರೆಂದು ವಿದ್ವಾಂಸರು ದಾಖಲಿಸಿದ್ದಾರೆ. ಪವಿತ್ರ ಕುರ್‌ಆನಿನ ಯೂಸುಫ್ ಅಧ್ಯಾಯವನ್ನು ನೋಡಿರಿ. ಅಣ್ಣಂದಿರ ಮನಸ್ಸಿನಲ್ಲಿ ಹೊತ್ತಿಕೊಂಡ ಬೆಂಕಿಯ ಮೂಲ ಆಸ್ತಿಯಲ್ಲ. ತಂದೆಗೆ ತಮಗಿಂತ ಅವನೇ ಹೆಚ್ಚು ಪ್ರಿಯ ಎಂಬ ಭಾವನೆ. ಪ್ರವಾದಿಯೊಬ್ಬರ ಮನೆಯ ಮಕ್ಕಳಲ್ಲಿಯೇ ಈ ಭಾವನೆ ಹುಟ್ಟಬಹುದಾದರೆ ನಮ್ಮ ಮನೆಗಳ ಪಾಡೇನು?

ಇನ್ನು ನಾವು ಅನುಸರಿಸಬಹುದಾದ ಮಾದರಿಯನ್ನು ನೋಡೋಣ. ಮದೀನಾದಲ್ಲಿ ಉಮ್ಮು ಸುಲೈಮ್(ರ)ರವರ ಮನೆಯಲ್ಲಿ ಇಬ್ಬರು ಮಕ್ಕಳಿದ್ದರು. ಹಿರಿಯವರು ಅನಸ್(ರ), ಹತ್ತರ ಪ್ರಾಯದಲ್ಲಿ ಪ್ರವಾದಿವರ್ಯರ(ಸ) ಸೇವೆಗೆ ಸೇರಿದವರು. ಕಿರಿಯವನು ಅಬೂ ಉಮೈರ್, ಆಗಷ್ಟೇ ಎದೆಹಾಲು ಬಿಟ್ಟಿದ್ದ ಕೂಸು. ಅವನಿಗೊಂದು ಪುಟ್ಟ ಹಕ್ಕಿಯಿತ್ತು. ಅದು ಸತ್ತಾಗ ದುಃಖದಲ್ಲಿದ್ದ ಮಗುವಿನ ಬಳಿ ಪ್ರವಾದಿವರ್ಯರು(ಸ) ಕುಳಿತು, ಹಕ್ಕಿಗೇನಾಯಿತೆಂದು ಪ್ರಾಸಬದ್ಧವಾಗಿ ವಿಚಾರಿಸಿ ಅವನ ಮನಸ್ಸನ್ನು ಹಗುರಗೊಳಿಸುತ್ತಿದ್ದರು. ಈ ಒಂದು ಪುಟ್ಟ ಹದೀಸಿನಿಂದ ಅರುವತ್ತು ಪಾಠಗಳನ್ನು ಹೆಕ್ಕಿ ಇಬ್ನುಲ್ ಕಾಸ್ ಎಂಬ ವಿದ್ವಾಂಸರು ಒಂದು ಕಿರುಗ್ರಂಥವನ್ನೇ ಬರೆದಿದ್ದಾರೆ.

ಆದರೆ ಈ ಘಟನೆಯನ್ನು ನಮಗೆ ತಿಳಿಸಿದವರು ಯಾರು? ಆ ಕೂಸಿನ ಅಣ್ಣ ಅನಸ್(ರ). ತಮ್ಮನಿಗೆ ಸಿಕ್ಕಿದ ವಾತ್ಸಲ್ಯವನ್ನು ಅವರು ಅಸೂಯೆಯಿಂದಲ್ಲ, ಸಂತೋಷದಿಂದ ವರದಿ ಮಾಡುತ್ತಾರೆ. ಅದು ಹೇಗೆ ಸಾಧ್ಯವಾಯಿತು? ಉತ್ತರವೂ ಅವರ ವರದಿಗಳಲ್ಲಿಯೇ ಇದೆ. ಹತ್ತು ವರ್ಷಗಳ ಸೇವೆಯಲ್ಲಿ ಪ್ರವಾದಿವರ್ಯರು(ಸ) ತನ್ನನ್ನು ಒಮ್ಮೆಯೂ ಗದರಿಸಲಿಲ್ಲ, ಇದನ್ನೇಕೆ ಮಾಡಿದೆ, ಅದನ್ನೇಕೆ ಮಾಡಲಿಲ್ಲ ಎಂದು ಕೇಳಲಿಲ್ಲ ಎನ್ನುತ್ತಾರೆ. ಒಂದು ದಿನ ಕೆಲಸಕ್ಕೆ ಕಳುಹಿಸಲ್ಪಟ್ಟ ಅನಸ್(ರ) ದಾರಿಯಲ್ಲಿ ಆಡುತ್ತಿದ್ದ ಹುಡುಗರನ್ನು ಕಂಡು ಅಲ್ಲಿಯೇ ಇದ್ದರು. ಹಿಂದಿನಿಂದ ಯಾರೋ ಕತ್ತು ಹಿಡಿದಂತಾಯಿತು. ತಿರುಗಿ ನೋಡಿದರೆ ಪ್ರವಾದಿವರ್ಯರು(ಸ) ನಗುತ್ತಿದ್ದರು. ಮುದ್ದಿನ ಹೆಸರಿನಿಂದ ಕರೆದು, ಹೇಳಿದಲ್ಲಿಗೆ ಹೋದೆಯಾ ಎಂದಷ್ಟೇ ಕೇಳಿದರು. ಕೆಲಸಕ್ಕೆ ಹೋದ ಮಗು ಆಟದಲ್ಲಿ ಮೈಮರೆತರೆ ನಾವು ಏನು ಮಾಡುತ್ತೇವೆಂದು ನಾನು ಹೇಳಬೇಕಾಗಿಲ್ಲ. ಹಿರಿಯ ಮಗುವಿನ ಬಾಲ್ಯವನ್ನು ಗೌರವಿಸಿದ ಮನೆಯಲ್ಲಿ ಕಿರಿಯ ಮಗುವಿನ ಮೇಲೆ ಅಸೂಯೆ ಹುಟ್ಟುವುದಿಲ್ಲ. ಇದೇ ಇಂದಿನ ನನ್ನ ಮಾತಿನ ತಿರುಳು.

ಸಹೋದರರೇ, ಇಲ್ಲಿಯವರೆಗೆ ಹೇಳಿದ್ದು ಮುನಿಸಿಕೊಂಡ ಮಗುವಿನ ಕತೆ. ಮುನಿಸಿಕೊಳ್ಳಲೂ ಬಿಡುವಿಲ್ಲದ ಮಗುವೊಂದಿದೆ. ಅದು ಬಡವರ ಮನೆಯ ಎಂಟು ಒಂಬತ್ತು ವರ್ಷದ ಹೆಣ್ಣುಮಗು. ತಾಯಿ ಕೂಲಿಗೆ ಹೋಗುತ್ತಾಳೆ. ತಂದೆ ಗೋವಾದಲ್ಲಿ ದುಡಿಯುತ್ತಾನೆ. ಕೂಸು ಈ ಹುಡುಗಿಯ ಕಂಕುಳಿಗೆ ಬರುತ್ತದೆ. ಮೊದಲು ವಾರಕ್ಕೊಂದು ದಿನ ಶಾಲೆ ತಪ್ಪುತ್ತದೆ, ಆಮೇಲೆ ಎರಡು ದಿನ, ಕೊನೆಗೆ ಹಾಜರಿ ಪುಸ್ತಕದಲ್ಲಿ ಹೆಸರು ಮಾತ್ರ ಉಳಿಯುತ್ತದೆ. ದೇಶದಲ್ಲಿ 6ರಿಂದ 14 ವರ್ಷದೊಳಗಿನ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ ಅಥವಾ ಅರ್ಧದಲ್ಲಿ ಬಿಟ್ಟಿದ್ದಾರೆಂದು 2006ರಲ್ಲಿ ಸಾಚಾರ್ ಸಮಿತಿ ವರದಿ ಮಾಡಿತು. 2010ರ ಎಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದು ಆ ವಯಸ್ಸಿನ ಪ್ರತಿಯೊಂದು ಮಗುವಿಗೂ ಶಾಲೆ ಹಕ್ಕಾಯಿತು. ಆದರೆ ಕಂಕುಳಲ್ಲಿ ಕೂಸಿರುವ ಹುಡುಗಿ ಆ ಹಕ್ಕನ್ನು ಯಾವ ಕೈಯಲ್ಲಿ ಹಿಡಿದುಕೊಳ್ಳಬೇಕು?

2022ರ ಫೆಬ್ರವರಿಯಲ್ಲಿ ಸರಕಾರದ ಸಮವಸ್ತ್ರ ಆದೇಶದ ಬಳಿಕ ಹಿಜಾಬ್ ಧರಿಸಿದ ನಮ್ಮ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಲ್ಲಬೇಕಾಯಿತು. ಹೆಣ್ಣುಮಕ್ಕಳ ಶಿಕ್ಷಣವನ್ನು ತಡೆಯಲು ನೀವು ಯಾರೆಂದು ನಾವು ಕೇಳಿದೆವು. ಕೇಳಿದ್ದು ಸರಿಯಾಗಿಯೇ ಇತ್ತು. ಅದೇ ಪ್ರಶ್ನೆಯನ್ನು ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು ನಾವೇ ನಮಗೆ ಕೇಳಿಕೊಂಡಿದ್ದೇವೆಯೇ? ಸರಕಾರದ ಗೇಟು ಎಲ್ಲರಿಗೂ ಕಾಣುತ್ತದೆ. ಮನೆಯ ತೊಟ್ಟಿಲು ಗೇಟಾದಾಗ ಯಾವ ಕ್ಯಾಮೆರಾವೂ ಬರುವುದಿಲ್ಲ.

ಹಿರಿಯ ಮಗು ಕಿರಿಯದ್ದನ್ನು ನೋಡಿಕೊಳ್ಳಬಾರದೇ ಎಂದು ಕೆಲವರು ಕೇಳಬಹುದು. ಖಂಡಿತ ನೋಡಿಕೊಳ್ಳಲಿ. ಅದರಲ್ಲಿ ಪ್ರೀತಿ ಬೆಳೆಯುತ್ತದೆ, ಭಾಷೆಯೂ ಬೆಳೆಯುತ್ತದೆ. ಮನೆಯಲ್ಲಿ ಉರ್ದು ಮಾತನಾಡುವ ನಮ್ಮ ಕೂಸುಗಳ ಬಾಯಿಗೆ ಎಷ್ಟೋ ಸಲ ಮೊದಲ ಕನ್ನಡ ಪದ ಬರುವುದು ಶಾಲೆಗೆ ಹೋಗುವ ಆಪಾಳಿಂದಲೇ. ಅವಳ ಶಾಲೆ ತಪ್ಪಿದರೆ ನಷ್ಟ ಇಬ್ಬರಿಗೂ. ಪವಿತ್ರ ಕುರ್‌ಆನಿನಲ್ಲಿ ಮೂಸಾ(ಅ)ರ ಅಕ್ಕನ ಪ್ರಸ್ತಾಪವಿದೆ. ನದಿಯಲ್ಲಿ ತೇಲಿಬಿಟ್ಟ ಕೂಸನ್ನು ದೂರದಿಂದ ಗಮನಿಸುವ ಹೊಣೆಯನ್ನು ತಾಯಿ ಅವಳಿಗೆ ವಹಿಸಿದರು. ಅವಳು ಜಾಣ್ಮೆಯಿಂದ ಆ ಕೂಸು ಮರಳಿ ತಾಯಿಯ ಮಡಿಲನ್ನೇ ಸೇರುವಂತೆ ಮಾಡಿದಳು. ಗಮನಿಸಿರಿ: ಅಕ್ಕನ ಕೆಲಸ ಕೂಸನ್ನು ತಾಯಿಗೆ ತಲುಪಿಸುವುದು; ತಾಯಿಯ ಜಾಗದಲ್ಲಿ ತಾನೇ ನಿಲ್ಲುವುದಲ್ಲ. ಅದು ಆಪತ್ತಿನ ದಿನದ ಹೊಣೆ; ವರ್ಷಗಟ್ಟಲೆ ಹೊರುವ ನೊಗವಲ್ಲ.

ಹಾಗಾದರೆ ಹೊಣೆ ಯಾರದು? ಒಂದು ಪಾಲು ಸರಕಾರದ್ದು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಾರಂಭವಾಗಿ ಅಂಗನವಾಡಿಗಳು ಬಂದವು. ಆದರೆ ಅಲ್ಲಿ ಮಕ್ಕಳನ್ನು ಕೂರಿಸಿ ಕಲಿಸುವುದು ಮುಖ್ಯವಾಗಿ ಮೂರು ವರ್ಷ ತುಂಬಿದ ಮೇಲೆ. ಅದಕ್ಕಿಂತ ಚಿಕ್ಕವರಿಗೆ ಆಹಾರದ ಪೊಟ್ಟಣ ಮನೆಗೆ ಬರುತ್ತದೆ, ನೋಡಿಕೊಳ್ಳುವ ಕೈಗಳು ಬರುವುದಿಲ್ಲ. ಆ ತೆರಪನ್ನು ತುಂಬುತ್ತಿರುವವಳು ಈ ಒಂಬತ್ತು ವರ್ಷದ ಹುಡುಗಿ. ದುಡಿಯುವ ತಾಯಂದಿರ ಪುಟ್ಟ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ರಾಜ್ಯ ಸರಕಾರವು 2023-24ರ ಬಜೆಟ್‌ನಲ್ಲಿ ಘೋಷಿಸಿತು. ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ, ಬಾಗಿಲು ತೆರೆದಿದೆಯೇ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ. ರಸ್ತೆ, ಚರಂಡಿಗೆ ಕೇಳುವ ನಾವು ಕೂಸಿಗಾಗಿಯೂ ಕೇಳಬೇಕು.

ಇನ್ನೊಂದು ಪಾಲು ತಂದೆಯದ್ದು. ಮನೆಯಲ್ಲಿ ಪ್ರವಾದಿವರ್ಯರು(ಸ) ಏನು ಮಾಡುತ್ತಿದ್ದರೆಂದು ಕೇಳಿದಾಗ, ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝಿನ ಸಮಯವಾದಾಗ ಹೊರಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ಉತ್ತರಿಸಿದರು. ಮೊಮ್ಮಗಳು ಉಮಾಮಳನ್ನು ಹೆಗಲಲ್ಲಿ ಹೊತ್ತು ನಮಾಝ್ ನಿರ್ವಹಿಸಿದವರು ಅವರು. ನಮಾಝಿನಲ್ಲಿ ಹೊತ್ತುಕೊಳ್ಳಬಹುದಾದ ಮಗುವನ್ನು ಚಹಾದ ಅಂಗಡಿಗೆ ಹೋಗುವ ಮುನ್ನ ಅರ್ಧ ಗಂಟೆ ಹೊತ್ತುಕೊಳ್ಳಲು ನಮಗೆ ಯಾವ ಅಡ್ಡಿ? ತಾಯಿ ಎರಡು ವರ್ಷ ಪೂರ್ತಿ ಹಾಲುಣಿಸಬಹುದೆಂದೂ, ಬಿಡಿಸುವುದಿದ್ದರೆ ದಂಪತಿಗಳು ಸಮಾಲೋಚಿಸಿ ಒಪ್ಪಿ ನಿರ್ಧರಿಸಬೇಕೆಂದೂ ಬಕರಾ ಅಧ್ಯಾಯದ 233ನೇ ಸೂಕ್ತ ಕಲಿಸುತ್ತದೆ. ಒಂದು ಹೆರಿಗೆಯ ನಂತರ ಮತ್ತೆ ಗರ್ಭ ಧರಿಸುವ ಮುನ್ನ ಕನಿಷ್ಠ 24 ತಿಂಗಳ ಅಂತರವಿರಲೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಸಲಹೆ ನೀಡಿದೆ. ಆ ಅಂತರ ತಾಯಿಯ ದೇಹಕ್ಕೆ ವಿಶ್ರಾಂತಿ; ಮೊದಲ ಮಗುವಿಗೆ ಮಡಿಲಿನ ಹಕ್ಕು.

ಕೊನೆಯದಾಗಿ ಕೆಲವು ವಿನಂತಿಗಳು. ಕೂಸನ್ನು ನೋಡಲು ಹೋಗುವಾಗ ದೊಡ್ಡ ಮಗುವಿಗೂ ಏನಾದರೂ ಒಯ್ಯಿರಿ, ಮೊದಲು ಅದನ್ನು ಮಾತನಾಡಿಸಿರಿ. ಜಗಳವಾದರೆ ಇಬ್ಬರ ಮಾತನ್ನೂ ಕೇಳಿರಿ. ದಿನಕ್ಕೆ ಸ್ವಲ್ಪ ಹೊತ್ತಾದರೂ ದೊಡ್ಡದು ತಾಯಿಯ ಅಥವಾ ತಂದೆಯ ಬಳಿ ಒಂಟಿಯಾಗಿರಲಿ. ಶಾಲೆಯ ಹೊತ್ತಿನಲ್ಲಿ ಯಾವ ಹುಡುಗಿಯ ಕಂಕುಳಲ್ಲಿಯೂ ಕೂಸು ಇರಬಾರದೆಂದು ಈ ಜಮಾಅತ್ ತೀರ್ಮಾನಿಸಲಿ. ಅಂಥ ಮನೆ ಕಂಡರೆ ಬೈಯಬೇಡಿ. ಆ ಕೂಸನ್ನು ನಾಲ್ಕು ಗಂಟೆ ನೋಡಿಕೊಳ್ಳುವ ಒಬ್ಬ ನೆರೆಮನೆಯವರನ್ನು ಹುಡುಕಿಕೊಡಿ.

ನಾನು ಮಗಳ ಕ್ಷಮೆ ಕೇಳಿದೆ. ಹರಿದ ಚಿತ್ರವನ್ನು ನಾವಿಬ್ಬರೂ ಕೂತು ಅಂಟಿಸಿದೆವು. ತಮ್ಮನ ಕೈಗೆಟಕದಷ್ಟು ಎತ್ತರದಲ್ಲಿ ಅವಳಿಗೊಂದು ಹಲಗೆ ಹೊಡೆದುಕೊಟ್ಟೆ. ಕೆಲವು ದಿನಗಳಾದ ಮೇಲೆ ನೋಡಿದರೆ, ಅವಳೇ ಆ ಹಲಗೆಯಿಂದ ಒಂದು ಬಣ್ಣದ ಕಡ್ಡಿಯನ್ನು ತೆಗೆದು ಅವನ ಕೈಗೆ ಕೊಡುತ್ತಿದ್ದಳು. ನ್ಯಾಯ ಸಿಕ್ಕಿದ ಮಗುವಿಗೆ ಕೊಡಲು ಯಾರೂ ಕಲಿಸಬೇಕಾಗಿಲ್ಲ.

ನಮ್ಮ ಮಕ್ಕಳ ನಡುವೆ ನ್ಯಾಯ ಪಾಲಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ, ಆಮೀನ್. ವಸ್ಸಲಾಮು ಅಲೈಕುಮ್.