ಹಳೆಯ ತರಗತಿಯ ಕರೆ



ಈಗ ಊರೂರಲ್ಲೂ ಗುರುವಂದನೆ, ಸ್ನೇಹ ಸಮ್ಮಿಲನಗಳ ಕಾಲ. ಎಸ್ಸೆಸ್ಸೆಲ್ಸಿ ಮುಗಿದು 25 ವರ್ಷವಾಯಿತೆಂದು ಯಾರೋ ಒಬ್ಬರು ವಾಟ್ಸ್ಆ್ಯಪ್ ಗುಂಪು ಕಟ್ಟುತ್ತಾರೆ. ಎಲ್ಲಿಂದಲೋ ನಂಬರು ಹುಡುಕಿ ನಮ್ಮನ್ನೂ ಸೇರಿಸುತ್ತಾರೆ. ಹಳೆಯ ಗ್ರೂಪ್ ಫೋಟೊ ಬರುತ್ತದೆ. ಅದರ ಕೆಳಗೇ, ಅಂದು ಬಡತನವನ್ನೋ ಬಣ್ಣವನ್ನೋ ತೊದಲನ್ನೋ ಆಡಿಕೊಂಡು ಇಟ್ಟಿದ್ದ ಅಡ್ಡಹೆಸರೂ ಬರುತ್ತದೆ, ಜೊತೆಗೆ ನಗುವ ಇಮೋಜಿ. ಇಟ್ಟವರಿಗೆ ಅದು ಸಲುಗೆ. ಹೊತ್ತವರಿಗೆ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತ ನೆನಪು.

ನೋವು ಸಹಪಾಠಿಗಳಿಂದಷ್ಟೇ ಬಂದದ್ದಲ್ಲ. 14 ವರ್ಷದವರೆಗಿನ ಮಕ್ಕಳನ್ನು ಶಾಲೆಯಲ್ಲಿ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿತು. ಅದಕ್ಕೂ ಮೊದಲು ಓದಿದವರಲ್ಲಿ ಎಷ್ಟೋ ಮಂದಿ ಬೆತ್ತವನ್ನೂ ಹಂಗಿಸುವ ಮಾತನ್ನೂ ಪಾಠದ ಭಾಗವೆಂದೇ ನುಂಗಿಕೊಂಡರು. ಮನೆಯಲ್ಲೂ ಬಾಯಿ ಬಿಡಲಿಲ್ಲ.

ಆದ್ದರಿಂದ ಕರೆ ಬಂದ ಕೂಡಲೇ ಖುಷಿಪಡಬೇಕೆಂಬ ನಿಯಮವಿಲ್ಲ. ಮನಸ್ಸು ಒಪ್ಪದಿದ್ದರೆ ಗುಂಪಿನಿಂದ ಹೊರಬಂದರೂ ತಪ್ಪಿಲ್ಲ. ಕ್ಷಮಿಸುವುದು ದೊಡ್ಡ ಗುಣ, ನಿಜ. ಆದರೆ ಒತ್ತಾಯಕ್ಕೆ ಕ್ಷಮೆ ಹುಟ್ಟುವುದಿಲ್ಲ. ಹಾಗೆಯೇ, ಕರೆದವರೂ ಅಂದಿನ ಹದಿನೈದರ ಹುಡುಗರಾಗಿ ಉಳಿದಿಲ್ಲ. ಅವರಲ್ಲೊಬ್ಬರು ಬೇರೆಯಾಗಿ ಫೋನು ಮಾಡಿ, "ಆಗ ನಿನಗೆ ತುಂಬ ನೋವು ಕೊಟ್ಟೆವು ಕಣೋ" ಎಂದರೆ, ಆ ಮಾತಿಗೆ ಕಿವಿಗೊಡೋಣ. ಅದನ್ನು ಹೇಳಲು ಅವರಿಗೂ ಧೈರ್ಯ ಬೇಕಾಗಿರುತ್ತದೆ.

ಹಳೆಯ ಸಹಪಾಠಿಗಳನ್ನು ಕೂಡಿಸಲು ಹೊರಟವರು ನೀವಾಗಿದ್ದರೆ, ಗುಂಪಿಗೆ ಸೇರಿಸುವ ಮುನ್ನ ಒಮ್ಮೆ ಕೇಳಿ. ಅಡ್ಡಹೆಸರು ಬಿಟ್ಟು, ತಂದೆತಾಯಿ ಇಟ್ಟ ಹೆಸರು ಹಿಡಿದು ಕರೆಯಿರಿ.