ಯಂತ್ರ ಅಳೆಯಲಿ, ಹಣೆಪಟ್ಟಿ ಬೇಡ

 

ನಮ್ಮ ಶಾಲೆಗಳಿಗೆ ಟ್ಯಾಬ್ ಕೊಂಡು ಮಕ್ಕಳ ಓದು, ಲೆಕ್ಕವನ್ನು ಅದರಿಂದಲೇ ಪರೀಕ್ಷಿಸಬೇಕೆಂಬ ಮಾತು ಈಗ ನಡೆದಿದೆ. ನಾನು ಅದರ ವಿರೋಧಿಯಲ್ಲ. ತುಂಬಿದ ತರಗತಿಯಲ್ಲಿ ಒಬ್ಬೊಬ್ಬರನ್ನೇ ಓದಿಸಿ ಕೇಳಲು ಶಿಕ್ಷಕರಿಗೆ ಸಮಯವೆಲ್ಲಿ?

ಆದರೆ ಅಳತೆ ಯಾತಕ್ಕೆ ಎಂಬುದು ಮೊದಲು ತೀರ್ಮಾನವಾಗಲಿ. ಕಾಂಕ್ರೀಟು ಹಾಕುವಾಗ ನಾವು 15 ಸೆಂಟಿಮೀಟರಿನ ಕ್ಯೂಬ್ ಮಾಡಿ, 28 ದಿನ ನೀರಿನಲ್ಲಿಟ್ಟು, ಯಂತ್ರದಲ್ಲಿ ಒತ್ತಿ ನೋಡುತ್ತೇವೆ. ಬೇಗ ಒಡೆದರೆ ಕ್ಯೂಬನ್ನು ಯಾರೂ ಬೈಯುವುದಿಲ್ಲ. ಮರಳಿನಲ್ಲಿ ಮಣ್ಣಿತ್ತೇ, ನೀರು ಹೆಚ್ಚಾಯಿತೇ, ಕ್ಯೂರಿಂಗ್ ಸರಿಯಾಯಿತೇ ಎಂದು ಹುಡುಕುತ್ತೇವೆ. ಶಾಲೆಯಲ್ಲಿ ಮಾತ್ರ ಅಂಕ ಕಡಿಮೆಯಾದರೆ ಮಗುವಿಗೇ ದಡ್ಡನೆಂದು ಹೆಸರಿಡುತ್ತೇವೆ.

'ಪ್ರಥಮ್' ಸಂಸ್ಥೆ 2005ರಲ್ಲಿ ಆರಂಭಿಸಿದ ಅಸರ್ ಸಮೀಕ್ಷೆಯಲ್ಲಿ ಓದು ಪರೀಕ್ಷಿಸಲು ಇರುವುದು ಒಂದು ಹಾಳೆ. ಅದರಲ್ಲಿ ಅಕ್ಷರ, ಪದ, ಸಣ್ಣ ಪ್ಯಾರಾ, ಎರಡನೇ ತರಗತಿ ಮಟ್ಟದ ಒಂದು ಕತೆ. ಸ್ವಯಂಸೇವಕರು ಮನೆಗೇ ಹೋಗಿ ಮಗುವಿನ ಪಕ್ಕ ಕೂತು ಕೇಳುತ್ತಾರೆ. ಓದು ಎಲ್ಲಿ ನಿಂತಿದೆ ಎಂಬುದು ತಿಳಿಯುತ್ತದೆ. ಟ್ಯಾಬಿನಿಂದ ನಮಗೆ ಬೇಕಾದ ಉತ್ತರವೂ ಅಷ್ಟೇ.

ಇನ್ನೊಂದು ತೊಡಕಿದೆ. ಓದುವ ದನಿ ಕೇಳಿ ಅಂಕ ಕೊಡುವ ಯಂತ್ರ ಯಾವ ಕನ್ನಡ ಕಲಿತಿದೆ? ಧಾರವಾಡದ ಕಡೆಯ ಮಗು 'ಮನೆ' ಎಂದು ಬರೆದದ್ದನ್ನು 'ಮನಿ' ಎಂದೀತು. ಮಂಡ್ಯದ ಕಡೆಯದು 'ಹಾಲು' ಎಂಬುದನ್ನು 'ಆಲು' ಎಂದೀತು. ಇಬ್ಬರಿಗೂ ಓದು ಬರುತ್ತದೆ, ಅರ್ಥವೂ ಗೊತ್ತು. ಯಂತ್ರ ತಪ್ಪು ಹಾಕಿದರೆ ಸೋತದ್ದು ಮಗುವಿನ ಮನೆಮಾತು. ಜನರಾಡುವ ಕನ್ನಡದಲ್ಲೇ ಅನುಭಾವ ನುಡಿದವರ ಹೆಸರಿನ ಶಾಲೆಯಲ್ಲಿ ಹೀಗಾಗುವುದು ಸರಿಯೇ? ಹುಟ್ಟಿನಿಂದ ಮನುಷ್ಯರನ್ನು ವಿಂಗಡಿಸಬಾರದೆಂದು ಹೊರಟವರು ನಾವು. ಆರು ವರ್ಷದ ಮಗುವನ್ನು ಅಂಕ ನೋಡಿ 'ಸಿ' ಗುಂಪಿಗೆ ಹಾಕಿ, ಹತ್ತನೇ ತರಗತಿವರೆಗೂ ಅಲ್ಲೇ ಕೂರಿಸಿದರೆ ಅದೂ ಒಂದು ಜಾತಿಯೇ.

ಆಡಳಿತ ಮಂಡಳಿಗೆ ನನ್ನ ವಿನಂತಿ ಇಷ್ಟು. ಖರೀದಿಗೆ ಮೊದಲು ನಮ್ಮ ಪ್ರಸಾದ ನಿಲಯದ ಬೇರೆ ಬೇರೆ ಜಿಲ್ಲೆಗಳ ಮೂವತ್ತು ಮಕ್ಕಳಿಂದ ಓದಿಸಿ. ಇಬ್ಬರು ಶಿಕ್ಷಕರು ಪರಸ್ಪರ ನೋಡದೆ ಅಂಕ ಹಾಕಲಿ, ಯಂತ್ರವೂ ಹಾಕಲಿ. ಮೂರನ್ನೂ ಪಕ್ಕಪಕ್ಕ ಇಡಿ. ಯಂತ್ರದ ತಪ್ಪು ಒಂದೇ ಸೀಮೆಯ ಮಕ್ಕಳ ಮೇಲೆ ಬಿದ್ದರೆ, ಕಂಪನಿಯವರಿಗೆ ತೋರಿಸಿ ತಿದ್ದಿಸಿಕೊಳ್ಳಿ. ತಿದ್ದದಿದ್ದರೆ ಹಣ ಕೊಡಬೇಡಿ. ಫಲಿತಾಂಶ ನೋಟೀಸು ಬೋರ್ಡಿಗೆ ಹೋಗದಿರಲಿ. ಅದು ಶಿಕ್ಷಕರ ಕೈಗೆ, ತಂದೆತಾಯಿಗೆ ಸಾಕು. ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಹೊಸದಾಗಿ ಮಾಡಿ, ಹಳೆಯದನ್ನು ಅಳಿಸಿಹಾಕಿ.