ಹೋಸಿನ ಬಲ ಅದರ ತುದಿಯಲ್ಲಿ



ಹಳೆಯ ಕಾರನ್ನು ಅಕ್ಕರೆಯಿಂದ ಇಟ್ಟುಕೊಂಡವರ ಮನೆಯಲ್ಲಿ ಬಾನೆಟ್ ಎತ್ತಿ ನೋಡಿ. ರ್‍ಯಾಲಿಗೆ ಸಿದ್ಧವಾದ ಕಾರಿನ ಎಂಜಿನ್ ಸುತ್ತ ಕಣ್ಣಾಡಿಸಿ. ಉಕ್ಕಿನ ತಂತಿ ಹೆಣೆದ, ಹೊಳೆಯುವ ಹೋಸ್ ಪೈಪುಗಳು ಕಾಣುತ್ತವೆ. ತುದಿಗಳಲ್ಲಿ ಕೆಂಪು, ನೀಲಿ ಬಣ್ಣದ ಅಲ್ಯುಮಿನಿಯಂ ಫಿಟ್ಟಿಂಗುಗಳು. ಆಯಿಲ್ ಕೂಲರ್‌ಗೆ ಹೋಗಿಬರುವ ಎಣ್ಣೆ, ಕಾರ್ಬ್ಯುರೇಟರ್‌ಗೆ ಹೋಗುವ ಪೆಟ್ರೋಲ್ ಇವುಗಳೊಳಗೆ ಹರಿಯುತ್ತದೆ.

ಈ ಹೋಸನ್ನು ಮೀಟರ್ ಲೆಕ್ಕದಲ್ಲಿ ಕೊಂಡು, ಬೇಕಾದ ಉದ್ದಕ್ಕೆ ಕತ್ತರಿಸಿ, ತುದಿಗೆ ಫಿಟ್ಟಿಂಗ್ ಕೂರಿಸಿಕೊಳ್ಳಬಹುದು. ದೊಡ್ಡ ಯಂತ್ರ ಬೇಕಿಲ್ಲ. ಒಂದು ವೈಸ್, ಎರಡು ಸ್ಪ್ಯಾನರ್ ಸಾಕು. ಆದರೆ ಸುಲಭವಾಗಿ ಆಗುವ ಕೆಲಸವೆಂದು ಅವಸರದಲ್ಲಿ ಮುಗಿಸುವವರೇ ಹೆಚ್ಚು. ಇಂಥ ಹೋಸ್ ನಡುವೆ ಒಡೆಯುವುದು ಅಪರೂಪ. ಸೋರಿದರೂ ಕಳಚಿದರೂ ಸಾಮಾನ್ಯವಾಗಿ ತುದಿಯಲ್ಲೇ. ಬಿಸಿ ಎಕ್ಸಾಸ್ಟ್ ಪೈಪಿನ ಪಕ್ಕ ಪೆಟ್ರೋಲ್ ಸೋರಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಎಣ್ಣೆಯ ಹೋಸ್ ಕಳಚಿಕೊಂಡರೆ ನೋಡನೋಡುತ್ತಿದ್ದಂತೆ ಎಣ್ಣೆಯೆಲ್ಲ ರಸ್ತೆಯ ಪಾಲಾಗಿ, ಎಂಜಿನ್ನಿನ ಬೇರಿಂಗುಗಳು ಹಿಡಿದುಕೊಳ್ಳುತ್ತವೆ. ಹಾಗಾಗಿ ಇವತ್ತಿನ ನನ್ನ ಮಾತೆಲ್ಲ ಹೋಸಿನ ಕೊನೆಯ ಎರಡು ಅಂಗುಲದ ಬಗ್ಗೆ.

ಮೊದಲು ಒಳರಚನೆ ನೋಡೋಣ. ಒಳಗಿರುವುದು ಸಿಂಥೆಟಿಕ್ ರಬ್ಬರಿನ ಕೊಳವೆ, ಹೊರಗೆ ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಹೆಣಿಗೆ. ದ್ರವವನ್ನು ಹಿಡಿದಿಡುವುದು ರಬ್ಬರಿನ ಕೆಲಸ, ಒತ್ತಡವನ್ನು ತಾಳಿಕೊಳ್ಳುವುದು ಹೆಣಿಗೆಯ ಕೆಲಸ. ಬರೀ ರಬ್ಬರಿನ ಕೊಳವೆಯಾದರೆ ಒತ್ತಡಕ್ಕೆ ಉಬ್ಬುತ್ತದೆ, ಉಬ್ಬಿದ ಕಡೆ ಗೋಡೆ ತೆಳ್ಳಗಾಗುತ್ತದೆ, ತೆಳ್ಳಗಾದ ಕಡೆ ಒಡೆಯುತ್ತದೆ. ಹೆಣಿಗೆ ಅದನ್ನು ಉಬ್ಬಲು ಬಿಡುವುದಿಲ್ಲ.

ತಂತಿಯನ್ನು ಓರೆಯಾಗಿ ಹೆಣೆಯುವುದಕ್ಕೂ ಒಂದು ಲೆಕ್ಕವಿದೆ. ಒಳಗಿನ ಒತ್ತಡ ಕೊಳವೆಯ ಗೋಡೆಯನ್ನು ಸುತ್ತಳತೆಯ ದಿಕ್ಕಿನಲ್ಲೂ ಎಳೆಯುತ್ತದೆ, ಉದ್ದದ ದಿಕ್ಕಿನಲ್ಲೂ ಎಳೆಯುತ್ತದೆ. ಸುತ್ತಳತೆಯ ದಿಕ್ಕಿನ ಎಳೆತ ಎರಡು ಪಟ್ಟು ಹೆಚ್ಚು. ಎರಡೂ ಎಳೆತಕ್ಕೆ ಒಂದೇ ತಂತಿ ಸರಿದೂಗಬೇಕಾದರೆ ಅದು ಹೋಸಿನ ಉದ್ದಕ್ಕೆ ಸುಮಾರು 54.7 ಡಿಗ್ರಿ ಓರೆಯಲ್ಲಿರಬೇಕು. ಓರೆ ಇದಕ್ಕಿಂತ ಕಡಿಮೆಯಾದರೆ ಒತ್ತಡ ಬಿದ್ದಾಗ ಹೋಸ್ ಗಿಡ್ಡವಾಗುತ್ತದೆ, ಹೆಚ್ಚಾದರೆ ಉದ್ದವಾಗುತ್ತದೆ. ತಯಾರಿಕೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದ್ದೇ ಇರುವುದರಿಂದ ಯಾವ ಹೋಸೂ ಒತ್ತಡದಲ್ಲಿ ಅಳತೆ ಬದಲಾಯಿಸದೆ ಇರುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಉದ್ದ ಅಳೆಯುವಾಗ ಬೇಕಾಗುತ್ತದೆ.

ಈಗ ಅಂಗಡಿಗೆ ಹೋಗೋಣ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಕೇಳುವಾಗ ಸೈಜ್ ಹೇಳಬೇಕು. ಈ ಹೋಸುಗಳ ಅಳತೆಗೆ ಎಎನ್ ಸೈಜ್ ಎನ್ನುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಭೂಸೇನೆ ಮತ್ತು ನೌಕಾಪಡೆ ತಮ್ಮ ವಿಮಾನಗಳ ಬಿಡಿಭಾಗಗಳಿಗೆ ಒಂದೇ ಅಳತೆ ಇರಲೆಂದು ಮಾಡಿಕೊಂಡ ಏರ್ಪಾಡು ಇದು. ಅಲ್ಲಿಂದ ರೇಸಿಂಗ್ ಕಾರುಗಳಿಗೆ ಬಂತು, ಆಮೇಲೆ ನಮ್ಮ ಗ್ಯಾರೇಜುಗಳಿಗೂ ಬಂತು. ಇದರಲ್ಲಿ ನಂಬರೆಂದರೆ ಅಂಗುಲದ ಹದಿನಾರನೇ ಒಂದು ಭಾಗದ ಲೆಕ್ಕ. 6 ನಂಬರ್ ಎಂದರೆ 3/8 ಅಂಗುಲ, 8 ಎಂದರೆ 1/2 ಅಂಗುಲ, 10 ಎಂದರೆ 5/8 ಅಂಗುಲ. ಈ ಅಳತೆ ಹೋಸಿಗೆ ಜೊತೆಯಾಗುವ ಲೋಹದ ಕೊಳವೆಯ ಹೊರವ್ಯಾಸದ್ದು. ಹೋಸಿನ ಒಳದಾರಿ ಅದಕ್ಕಿಂತ ಚಿಕ್ಕದಾಗಿರುತ್ತದೆ.

ಇನ್ನೊಂದು ಮುಖ್ಯ ವಿಷಯ ಫಿಟ್ಟಿಂಗಿನ ಮೂತಿಯದು. ಎಎನ್ ಫಿಟ್ಟಿಂಗಿನ ಮೂತಿ 37 ಡಿಗ್ರಿಯ ಶಂಕುವಾಗಿರುತ್ತದೆ. ಎ.ಸಿ. ಮತ್ತು ಫ್ರಿಜ್ಜಿನ ತಾಮ್ರದ ಕೊಳವೆಗಳಿಗೆ ಬಳಸುವ ಫ್ಲೇರ್ ಫಿಟ್ಟಿಂಗಿನದು 45 ಡಿಗ್ರಿ. 8 ಮತ್ತು 10 ನಂಬರಿನ ಅಳತೆಗಳಲ್ಲಿ ಈ ಎರಡು ಜಾತಿಯ ಥ್ರೆಡ್ ಒಂದೇ ಆಗಿರುವುದರಿಂದ ನಟ್ಟು ಸಲೀಸಾಗಿ ತಿರುಗಿ ಬಿಗಿಯಾಗುತ್ತದೆ. ಒಳಗೆ ಮಾತ್ರ ಶಂಕುಗಳು ಪೂರಾ ಕೂರದೆ ಒಂದು ತೆಳು ಗೆರೆಯಷ್ಟೇ ತಾಗಿರುತ್ತವೆ. ನಿಂತ ಕಾರಿನಲ್ಲಿ ಸೋರದ ಈ ಜೋಡಣೆ ಎಂಜಿನ್ ಬಿಸಿಯಾಗಿ ಅದುರತೊಡಗಿದಾಗ ಸೋರುತ್ತದೆ. ಆದ್ದರಿಂದ ಎರಡೂ ಕಡೆಯ ಕೋನ ಕೇಳಿಯೇ ಕೊಳ್ಳಿ. ಶಂಕುವಿನ ಮೇಲೆ ಶಂಕು ಕೂತು ಸೋರಿಕೆ ನಿಲ್ಲುವ ಜೋಡಣೆಯಿದು. ಥ್ರೆಡ್ ಅವೆರಡನ್ನೂ ಒತ್ತಿ ಹಿಡಿಯುತ್ತದೆ, ಅಷ್ಟೇ. ಹೀಗಾಗಿ ಇಲ್ಲಿ ಟೆಫ್ಲಾನ್ ಟೇಪ್ ಸುತ್ತುವುದರಿಂದ ಪ್ರಯೋಜನವಿಲ್ಲ. ಹರಿದ ಟೇಪಿನ ಚೂರು ಎಣ್ಣೆಯ ಸಣ್ಣ ದಾರಿಯಲ್ಲಿ ಸಿಕ್ಕಿಕೊಂಡರೆ ಕೇಡೇ.

ಇನ್ನು ಉದ್ದ. ಹೋಸನ್ನು ಮೇಜಿನ ಮೇಲೆ ಅಳೆಯಬೇಡಿ, ಕಾರಿನೊಳಗೆ ಅದು ಹೋಗಬೇಕಾದ ದಾರಿಯಲ್ಲೇ ಹಾಯಿಸಿ ಅಳೆಯಿರಿ. ಫಿಟ್ಟಿಂಗಿನೊಳಗೆ ಹೋಗುವ ಭಾಗವನ್ನೂ ಸೇರಿಸಿ. ಎಂಜಿನ್ ತನ್ನ ರಬ್ಬರ್ ಮೌಂಟಿಂಗಿನ ಮೇಲೆ ಅಲ್ಲಾಡುತ್ತದೆ, ಆಯಿಲ್ ಕೂಲರ್ ಬಾಡಿಗೆ ಕಚ್ಚಿಕೊಂಡು ನಿಂತಿರುತ್ತದೆ. ಹೋಸನ್ನು ತಂತಿಯಂತೆ ಬಿಗಿದು ಕಟ್ಟಿದರೆ ಎಂಜಿನ್ನಿನ ಪ್ರತಿ ಕುಲುಕೂ ಫಿಟ್ಟಿಂಗನ್ನು ಎಳೆಯುತ್ತದೆ. ಒತ್ತಡ ಬಿದ್ದಾಗ ಹೋಸ್ ಗಿಡ್ಡವಾದರೆ ಆ ಎಳೆತವೂ ಸೇರುತ್ತದೆ. ಸ್ವಲ್ಪ ಸಡಿಲ ಬಿಡಿ. ತಿರುವುಗಳು ಅಗಲವಾಗಿರಲಿ, ಫಿಟ್ಟಿಂಗಿನ ಬುಡದಲ್ಲೇ ಮಡಚುವ ಬದಲು ಬಾಗಿದ ಮೂತಿಯ ಫಿಟ್ಟಿಂಗ್ ಬಳಸಿ.

ಈಗ ಕತ್ತರಿಸುವ ಹೊತ್ತು. ಜಡೆಯ ತುದಿಗೆ ರಿಬ್ಬನ್ ಕಟ್ಟದೆ ಬಿಟ್ಟರೆ ಬಿಚ್ಚಿಕೊಳ್ಳುವಂತೆ ಈ ಹೆಣಿಗೆಯೂ ಕತ್ತರಿ ಬಿದ್ದೊಡನೆ ಕೆದರಿಕೊಳ್ಳುತ್ತದೆ. ಅದಕ್ಕೆ ಕತ್ತರಿಸುವ ಜಾಗದಲ್ಲಿ ಮಾಸ್ಕಿಂಗ್ ಟೇಪನ್ನು ಮೂರ್ನಾಲ್ಕು ಸುತ್ತು ಬಿಗಿಯಾಗಿ ಸುತ್ತಿ. ಟೇಪಿನ ನಟ್ಟನಡುವೆ ಗುರುತು ಹಾಕಿ, ಟೇಪಿನ ಮೇಲೆಯೇ ಕತ್ತರಿಸಿ. ಹ್ಯಾಕ್ಸಾ ಆದರೆ ಅಂಗುಲಕ್ಕೆ 32 ಹಲ್ಲಿನ ಬ್ಲೇಡು ಬೇಕು. ಹಲ್ಲು ದೊಡ್ಡದಾದರೆ ತಂತಿಯನ್ನು ಕೊಯ್ಯುವ ಬದಲು ಸಿಕ್ಕಿಸಿಕೊಂಡು ಎಳೆಯುತ್ತದೆ. ಗ್ರೈಂಡರಿಗೆ ತೆಳುವಾದ ಕಟಿಂಗ್ ವೀಲ್ ಹಾಕಿ ಕತ್ತರಿಸಿದರೆ ಇನ್ನೂ ಚೊಕ್ಕವಾಗಿ ಬರುತ್ತದೆ. ಆದರೆ ಕಿಡಿ ಹಾರುತ್ತದೆ. ಈ ಕೆಲಸವನ್ನು ಕಾರಿನಿಂದ, ಪೆಟ್ರೋಲಿನಿಂದ ದೂರ ಇಟ್ಟುಕೊಳ್ಳಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ತಂತಿ ಕೂದಲೆಳೆಯಷ್ಟು ಸಣ್ಣದು. ಬೆರಳಿಗೆ ಚುಚ್ಚಿದರೆ ಕಣ್ಣಿಗೆ ಕಾಣದೆ ಒಳಗೇ ಉಳಿಯುತ್ತದೆ, ಗ್ಲೌಸ್ ಇರಲಿ. ಕೊಯ್ತ ಹೋಸಿನ ಉದ್ದಕ್ಕೆ ನೇರ ಅಡ್ಡವಾಗಿರಬೇಕು. ಓರೆಯಾದರೆ ಫಿಟ್ಟಿಂಗಿನೊಳಗೆ ಒಂದು ಬದಿ ಮಾತ್ರ ಹಿಡಿತಕ್ಕೆ ಸಿಗುತ್ತದೆ.

ಕತ್ತರಿಸಿದ ತುದಿಯನ್ನು ಟಾರ್ಚ್ ಬೆಳಕಿಗೆ ಹಿಡಿದು ನೋಡಿ. ರಬ್ಬರಿನ ಅಂಚು ಒಂದೇ ಮಟ್ಟದಲ್ಲಿರಬೇಕು. ಸುತ್ತಲಿನ ತಂತಿಗಳೆಲ್ಲ ಅದೇ ಮಟ್ಟದಲ್ಲಿ ನಿಂತಿರಬೇಕು. ಒಂದೆರಡು ತಂತಿ ಹೊರಗೆ ಇಣುಕಿದ್ದರೆ ಚಿಕ್ಕ ಕಟಿಂಗ್ ಪ್ಲೈಯರಿನಿಂದ ಕತ್ತರಿಸಿ ತೆಗೆಯಿರಿ. ಕೆದರಿದ್ದು ಹೆಚ್ಚಾಗಿದ್ದರೆ ಹೊಸದಾಗಿ ಟೇಪ್ ಸುತ್ತಿ ಅರ್ಧ ಅಂಗುಲ ಹಿಂದಕ್ಕೆ ಮತ್ತೆ ಕತ್ತರಿಸಿ. ಅರ್ಧ ಅಂಗುಲ ಹೋಸಿಗೆ ಆಸೆಪಟ್ಟು ಎಂಜಿನ್ ಕಳೆದುಕೊಳ್ಳಬಾರದು. ಒಳಗೆ ನೋಡಿದರೆ ಕಪ್ಪು ರಬ್ಬರ್ ಪುಡಿ, ಉಕ್ಕಿನ ರಜ ಅಂಟಿರುತ್ತದೆ. ಇದು ಎಣ್ಣೆಯ ಜೊತೆ ಹೋಗಿ ಬೇರಿಂಗಿನಲ್ಲಿ ಸೇರಿದರೆ ಗೀರು ಹಾಕುತ್ತದೆ. ಇನ್ನೊಂದು ತುದಿಯಿಂದ ಗಾಳಿ ಹೊಡೆದು, ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಗಾಳಿ ಹೊಡೆಯಿರಿ.

ಫಿಟ್ಟಿಂಗಿಗೆ ಎರಡು ಭಾಗ. ಹೋಸಿನ ಹೊರಗೆ ಕೂರುವುದು ಸಾಕೆಟ್, ಒಳಗೆ ಹೋಗುವುದು ನಿಪ್ಪಲ್. ನಿಪ್ಪಲ್ಲಿನ ಬಾಲ ತುದಿಯಲ್ಲಿ ಸಣ್ಣಗಿದ್ದು ಮೇಲಕ್ಕೆ ಹೋದಂತೆ ದಪ್ಪವಾಗುತ್ತದೆ. ಅದನ್ನು ತಿರುಗಿಸಿದಂತೆಲ್ಲ ರಬ್ಬರೂ ಹೆಣಿಗೆಯೂ ಸಾಕೆಟ್ಟಿನ ಒಳಗೋಡೆಗೆ ಒತ್ತಿ ಹಿಡಿಯಲ್ಪಡುತ್ತವೆ. ಹೋಸಿನ ಹಿಡಿತವೆಲ್ಲ ಇಷ್ಟರಲ್ಲೇ ಇದೆ.

ಟೇಪನ್ನು ಬಿಚ್ಚುವುದು ಸಾಕೆಟ್ ಕೈಗೆತ್ತಿಕೊಂಡ ಮೇಲೆಯೇ. ಹೋಸನ್ನು ತಿರುಚುತ್ತಾ ಸಾಕೆಟ್ಟಿನೊಳಗೆ ತಳ್ಳಿ. ಸಾಕೆಟ್ಟಿನ ಒಳಗೆ ಥ್ರೆಡ್ ಶುರುವಾಗುವ ಜಾಗಕ್ಕೆ ಸುಮಾರು ಒಂದೂವರೆ ಮಿಲಿಮೀಟರ್ ಇರುವಾಗ ನಿಲ್ಲಿಸಿ. ಹೊರಗೆ ಸಾಕೆಟ್ಟಿನ ಅಂಚಿಗೆ ಸರಿಯಾಗಿ ಹೋಸಿನ ಮೇಲೆ ಒಂದು ಗೆರೆ ಎಳೆಯಿರಿ, ಅಥವಾ ಟೇಪಿನ ಗುರುತು ಹಾಕಿ. ಈ ಗೆರೆಯನ್ನು ಮರೆಯಬೇಡಿ. ನಿಪ್ಪಲ್ ಒಳಗೆ ಹೋಗುವಾಗ ಹೋಸನ್ನು ಹಿಂದಕ್ಕೆ ದೂಡುತ್ತದೆ. ಹೋಸ್ ಹಿಂದೆ ಸರಿದಷ್ಟೂ ಹಿಡಿತ ಕಡಿಮೆ. ಜೋಡಿಸಿ ಮುಗಿದ ಮೇಲೆ ಒಳಗೆ ಏನಾಗಿದೆಯೆಂದು ಹೇಳಲು ಆ ಗೆರೆಯೊಂದೇ ಸಾಕ್ಷಿ.

ಸಾಕೆಟ್ಟನ್ನು ವೈಸಿನಲ್ಲಿ ಹಿಡಿಯಿರಿ. ವೈಸಿನ ಹಲ್ಲಿಗೆ ಅಲ್ಯುಮಿನಿಯಂ ತಗಡು ಕೊಡಿ, ಇಲ್ಲವಾದರೆ ಮೆತ್ತನೆಯ ಅಲ್ಯುಮಿನಿಯಂ ಫಿಟ್ಟಿಂಗಿನ ಮೇಲೆ ಹಲ್ಲಿನ ಗುರುತು ಬೀಳುತ್ತದೆ. ನಿಪ್ಪಲ್ಲಿಗೂ ಹೋಸಿನ ಒಳಗೂ ಎಣ್ಣೆ ಸವರಿ. ಒಣಗಿದ್ದರೆ ಅಲ್ಯುಮಿನಿಯಂ ಥ್ರೆಡ್ ಕಚ್ಚಿಕೊಂಡು ಹಾಳಾಗುತ್ತದೆ. ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ, ಥ್ರೆಡ್ ಸರಿಯಾಗಿ ಹಿಡಿದ ಮೇಲೆ ಸ್ಪ್ಯಾನರ್ ಹಾಕಿ. ನಿಪ್ಪಲ್ಲಿನ ನಟ್ಟಿಗೂ ಸಾಕೆಟ್ಟಿಗೂ ನಡುವೆ ಒಂದು ಮಿಲಿಮೀಟರಿನಷ್ಟು ಸಂದು ಉಳಿದಾಗ ನಿಲ್ಲಿಸಿ, ಗೆರೆ ನೋಡಿ. ಗೆರೆ ಸಾಕೆಟ್ಟಿನ ಅಂಚಿಗೇ ಇದ್ದರೆ ಕೆಲಸ ಸರಿಯಾಗಿದೆ. ದೂರ ಹೋಗಿದ್ದರೆ ಪೂರ್ತಿ ಬಿಚ್ಚಿ ಮೊದಲಿನಿಂದ ಮಾಡಿ.

ಪೆಟ್ರೋಲಿನ ಹೋಸಿಗೆ ಇನ್ನೊಂದು ಮಾತು. ನಮ್ಮ ಬಂಕುಗಳಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲಿಗೆಂದು ತಯಾರಾಗದ ಹಳೆಯ ರಬ್ಬರ್ ಇದರಲ್ಲಿ ಉಬ್ಬಬಹುದು, ಗಡುಸಾಗಿ ಬಿರುಕು ಬಿಡಬಹುದು. ಪಿಟಿಎಫ್‌ಇ, ಅಂದರೆ ಟೆಫ್ಲಾನ್ ಕೊಳವೆಯ ಹೋಸಿಗೆ ಈ ಭಯವಿಲ್ಲ. ಆದರೆ ಅದರ ಫಿಟ್ಟಿಂಗೇ ಬೇರೆ. ಹೆಣಿಗೆಯನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಬಿಡಿಸಿ, ಟೆಫ್ಲಾನ್ ಕೊಳವೆಗೂ ಹೆಣಿಗೆಗೂ ನಡುವೆ ಒಂದು ಹಿತ್ತಾಳೆಯ ಉಂಗುರ ಕೂರಿಸಬೇಕು. ಕೊಳವೆಯ ಅಂಚು ಉಂಗುರದ ತಳಕ್ಕೆ ಪೂರಾ ತಾಗಿರಬೇಕು, ಒಂದು ತಂತಿಯೂ ಉಂಗುರದೊಳಗೆ ಸಿಕ್ಕಿರಬಾರದು. ಬಿಚ್ಚಿ ಮತ್ತೆ ಜೋಡಿಸುವಾಗ ಪ್ರತಿ ಸಲ ಹೊಸ ಉಂಗುರವನ್ನೇ ಹಾಕಿ. ರಬ್ಬರ್ ಹೋಸಿನ ಫಿಟ್ಟಿಂಗನ್ನು ಟೆಫ್ಲಾನ್ ಹೋಸಿಗೆ ಬಳಸಿದರೆ ಅದು ನಿಲ್ಲುವುದಿಲ್ಲ.

ಕಾರಿಗೆ ಹಾಕುವ ಮುಂಚೆ ಪರೀಕ್ಷೆ. ಜೆಸಿಬಿ, ಟಿಪ್ಪರುಗಳಿಗೆ ಹೈಡ್ರಾಲಿಕ್ ಪೈಪ್ ಮಾಡಿಕೊಡುವ ಕೆಲವು ಅಂಗಡಿಗಳಲ್ಲಿ ಟೆಸ್ಟಿಂಗ್ ಪಂಪ್ ಇರುತ್ತದೆ. ಹೋಸಿನ ಒಂದು ತುದಿ ಮುಚ್ಚಿ, ನೀರು ತುಂಬಿ, ಒತ್ತಡ ಕೊಡಿಸಿ ನೋಡಿ. ಹೆಚ್ಚಿನ ಒತ್ತಡದ ಗಾಳಿಯಿಂದ ಪರೀಕ್ಷೆ ಬೇಡ. ಒತ್ತಿದ ಗಾಳಿ ಶಕ್ತಿ ತುಂಬಿಟ್ಟುಕೊಂಡಿರುತ್ತದೆ, ಫಿಟ್ಟಿಂಗ್ ಕಳಚಿದರೆ ಗುಂಡಿನಂತೆ ಹಾರುತ್ತದೆ. ನೀರಾದರೆ ಒತ್ತಡ ತಕ್ಷಣ ಇಳಿದುಹೋಗುತ್ತದೆ.

ಕಾರಿನಲ್ಲಿ ಕೂರಿಸುವಾಗ ಹೋಸ್ ಯಾವುದಕ್ಕೂ ಉಜ್ಜದಂತೆ ನೋಡಿಕೊಳ್ಳಿ. ಈ ಉಕ್ಕಿನ ಹೆಣಿಗೆ ನಯವಾಗಿ ಕಂಡರೂ ಅರದಂತೆ ಕೆಲಸ ಮಾಡುತ್ತದೆ. ಅದುರುವ ಕಾರಿನಲ್ಲಿ ವೈರಿಂಗಿನ ಮೈಯನ್ನೂ ಅಲ್ಯುಮಿನಿಯಂ ಭಾಗಗಳನ್ನೂ ತೇಯ್ದು ಹಾಕುತ್ತದೆ. ವೈರಿನ ತಾಮ್ರ ಹೊರಬಂದು ಉಕ್ಕಿಗೆ ತಾಗಿದರೆ ಶಾರ್ಟ್ ಆಗುತ್ತದೆ, ಅದೂ ಪೆಟ್ರೋಲ್ ಹರಿಯುವ ಹೋಸಿನ ಮೇಲೆಯೇ. ರಬ್ಬರ್ ಪಟ್ಟಿಯಿರುವ ಕ್ಲಿಪ್ಪುಗಳಿಂದ ಹೋಸನ್ನು ಅಲ್ಲಲ್ಲಿ ಬಿಗಿಯಿರಿ. ಎಂಜಿನ್ ಚಾಲೂ ಮಾಡಿ, ಬಿಸಿಯಾಗಲು ಬಿಟ್ಟು, ಪ್ರತಿ ಜೋಡಣೆಯನ್ನೂ ಒಣ ಬಿಳಿ ಕಾಗದದಿಂದ ಒರೆಸಿ ನೋಡಿ. ಕೆಲವು ದಿನ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ.

ಬ್ರೇಕಿನ ಹೋಸನ್ನು ಮಾತ್ರ ಮನೆಯಲ್ಲಾಗಲಿ ಗ್ಯಾರೇಜಿನಲ್ಲಾಗಲಿ ಕತ್ತರಿಸಿ ಜೋಡಿಸಬೇಡಿ. ಅಲ್ಲಿನ ಒತ್ತಡ ಎಣ್ಣೆ, ಪೆಟ್ರೋಲಿನ ಒತ್ತಡಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಪ್ರಾಣ ಅದರ ಮೇಲೆ ನಿಂತಿದೆ. ನಿಮ್ಮ ಕಾರಿನ ಮಾಡೆಲ್ಲಿಗೇ ತಯಾರಾಗಿ, ಕಾರ್ಖಾನೆಯಲ್ಲಿ ಪರೀಕ್ಷೆಯಾಗಿ ಬಂದ ಹೋಸನ್ನೇ ಕೊಂಡು ಹಾಕಿಸಿ. ಉಳಿದ ಹೋಸುಗಳನ್ನು ನೀವೇ ಮಾಡಿಕೊಳ್ಳಿ, ಆದರೆ ನೇರವಾದ ಕೊಯ್ತ, ಚೊಕ್ಕವಾದ ಒಳದಾರಿ, ಜರುಗದ ಗೆರೆ, ಈ ಮೂರೂ ಸರಿಯಿಲ್ಲದ ಹೋಸನ್ನು ಕಾರಿಗೆ ಹಾಕಬೇಡಿ.